ಪ್ರಶಸ್ತಿ ಬಂತು, ಪ್ರೇಕ್ಷಕ ಎಲ್ಲಿ?

ಮೂಡಿಗೆರೆ-ಕಳಸದ ಕಡೆಯ ಚಿತ್ರಪ್ರೇಮಿಗಳೇ, ಸ್ವಲ್ಪ ಬೆರಳು ಮಡಚಿ ಲೆಕ್ಕ ಹಾಕಿ. ಕನ್ನಡ ಚಿತ್ರದ ಅಭಿನಯಕ್ಕೆ ಶ್ರೇಷ್ಠ ನಟ ಎಂಬ ರಾಷ್ಟ್ರಪ್ರಶಸ್ತಿ 'ಚೋಮನ ದುಡಿ'ಯ ಎಂ.ವಿ. ವಾಸುದೇವರಾವ್‌ಗೆ (1975), 'ತಬರನ ಕಥೆ'ಯ ಚಾರುಹಾಸನ್‌ಗೆ (1986), 'ನಾನು ಅವನಲ್ಲ ಅವಳು' ಚಿತ್ರದ ಸಂಚಾರಿ ವಿಜಯ್‌ಗೆ (2014), 'ಕಾಂತಾರ'ದ ರಿಷಬ್ ಶೆಟ್ಟಿಗೆ (2022) ಬಂತು. ನಾಲ್ಕರಲ್ಲಿ ಎರಡಕ್ಕೆ ನಮ್ಮ ಜಿಲ್ಲೆಯ ನೆಂಟಸ್ತಿಕೆ ಇದೆ ಸ್ವಾಮಿ! ಪಿಂಚಣಿಗೆ ಅಲೆದು ಸೋತ ತಬರನನ್ನು ಬರೆದವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ವಿಜಯ್ ನಮ್ಮದೇ ಜಿಲ್ಲೆಯ ಬಯಲುಸೀಮೆಯವರು, ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಹುಡುಗ.

ಹೆಸರಿನ ಮುಂದಿನ 'ಸಂಚಾರಿ' ಮನೆತನದ್ದಲ್ಲ, ನಾಟಕ ತಂಡದ್ದು. ರಂಗದ ಮೇಲೆ ಬೆವರು ಸುರಿಸಿ ಬಂದ ಈ ನಟ 2011ರಲ್ಲಿ 'ರಂಗಪ್ಪ ಹೋಗ್ಬಿಟ್ನಾ' ಚಿತ್ರದಿಂದ ತೆರೆಗೆ ಬಂದರು. 'ಹರಿವು' ಚಿತ್ರದಲ್ಲಿ ಸತ್ತ ಮಗನ ದೇಹವನ್ನು ಟ್ರಂಕಿನಲ್ಲಿಟ್ಟು ಊರಿಗೆ ಒಯ್ಯುವ ಬಡ ತಂದೆ. 'ನಾನು ಅವನಲ್ಲ ಅವಳು' ಚಿತ್ರದಲ್ಲಿ ಮಾದೇಶನಾಗಿ ಹುಟ್ಟಿ ವಿದ್ಯಾ ಆಗುವ ಜೀವ. ಒಂದೇ ಸಾಲಿನ ಪ್ರಶಸ್ತಿಗಳಲ್ಲಿ ಮೊದಲನೆಯದು ಶ್ರೇಷ್ಠ ಕನ್ನಡ ಚಿತ್ರ ಎನಿಸಿದರೆ, ಎರಡನೆಯದು ಇವರಿಗೆ ಶ್ರೇಷ್ಠ ನಟನ ಪಟ್ಟ ತಂದಿತು. ರಾಜ್ಯ ಪ್ರಶಸ್ತಿಯೂ ಕೈಸೇರಿತು.

ಆದರೆ ಒಂದು ವಿಚಿತ್ರ ನೋಡಿ. ರಾಷ್ಟ್ರಪ್ರಶಸ್ತಿ ಘೋಷಣೆ 2015ರ ಮಾರ್ಚಿನಲ್ಲಿ, ಚಿತ್ರ ಥಿಯೇಟರಿಗೆ ಬಂದದ್ದು ಸೆಪ್ಟೆಂಬರಿನಲ್ಲಿ! ದೆಹಲಿ ಮೆಚ್ಚಿದ ಮೇಲೂ ಆರು ತಿಂಗಳು ನಾವು ಕಾದೆವು. ಬಂದ ಮೇಲಾದರೂ ನುಗ್ಗಿ ನೋಡಿದೆವಾ? ಕಳಸದ ಬಸ್ಸಿಗೆ ಕಾಯುವಾಗ ಪಕ್ಕದವರ ಹತ್ತಿರ ಈ ಮಾತು ಎತ್ತಿದೆ. "ಅವಾರ್ಡ್ ಪಿಕ್ಚರ್ರಾ? ಅದೆಲ್ಲ ನಮಗಲ್ಲ ಬಿಡಿ ಮಾರಾಯ್ರೆ" ಅಂದುಬಿಟ್ಟರು. ಮಗನ ಹೆಣ ಹೊತ್ತು ಬಸ್ಸು ಹತ್ತುವ ಅಪ್ಪನ ಕಥೆ ನಮ್ಮದಲ್ಲದೆ ಇನ್ಯಾರದ್ದು, ನೀವೇ ಹೇಳಿ!

2021ರ ಜೂನ್‌ನಲ್ಲಿ ಬೆಂಗಳೂರಿನ ಬೈಕ್ ಅಪಘಾತ ಅವರನ್ನು ಕಸಿದುಕೊಂಡಿತು. ವಯಸ್ಸು ಮೂವತ್ತೇಳು. ಆ ದಿನಗಳಲ್ಲಿ ಕೋವಿಡ್ ಸಂತ್ರಸ್ತರಿಗೆ ನೆರವು ಮುಟ್ಟಿಸುತ್ತ ಓಡಾಡಿದ್ದವರು ಹೋಗುವಾಗಲೂ ಬರಿಗೈಯಲ್ಲಿ ಹೋಗಲಿಲ್ಲ, ಮನೆಯವರು ಅಂಗಾಂಗ ದಾನ ಮಾಡಿದರು. ಪಂಚನಹಳ್ಳಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಅವರ 'ತಲೆದಂಡ' ತೆರೆ ಕಂಡದ್ದು, ಪರಿಸರ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು ಅವರು ಹೋದ ಮೇಲೆ.

ಸರ್ಕಾರ ತನ್ನ ಗೌರವ ಸಲ್ಲಿಸಿತು. ಟಿಕೆಟ್ ಕೊಂಡು ಸಲ್ಲಿಸಬೇಕಾದ ಗೌರವ ನಮ್ಮದು. ಅದರಲ್ಲಿ ನಾವು ಬಾಕಿದಾರರು. ಈ ಸಲ ಹಬ್ಬಕ್ಕೆ ಮನೆ ತುಂಬ ನೆಂಟರು ಸೇರಿದಾಗ 'ಹರಿವು' ಹಾಕಿ ನೋಡಿ. ನೋಡಿ ಸುಮ್ಮನಿರಬೇಡಿ, ನನಗೊಂದು ಕಾರ್ಡು ಬರೆಯಿರಿ.