ಕಡಿಮೆ ರೇಟಿನ ಭಾರ ಯಾರ ಬೆನ್ನಿಗೆ?

ಎಂಡ್ ಸೆಮ್ ಕೊನೆಯ ಪೇಪರ್ ಮುಗಿದ ಮಾರನೇ ದಿನ ಹಾಸ್ಟೆಲ್ ಕಾರಿಡಾರ್ ಸಂತೆ ಮುಗಿದ ಮೈದಾನದ ಥರ ಇರುತ್ತೆ. ಹಾಸಿಗೆ ಸುರುಳಿ, ಬಕೆಟ್ಟು, ಟ್ರಂಕು, ಕೂಲರ್, ಗಿಟಾರು, ಎರಡು ವರ್ಷದಿಂದ ಯಾರೂ ತೆರೆಯದ ರೆಫರೆನ್ಸ್ ಪುಸ್ತಕ. ಊರಿಗೆ ಒಯ್ಯೋದು ಯಾವುದು, ರಜೆ ಮುಗಿಯೋ ತನಕ ಇಲ್ಲೇ ಎಲ್ಲಾದ್ರೂ ಇಡೋದು ಯಾವುದು, ಇಂಟರ್ನ್‌ಶಿಪ್ ಊರಿಗೆ ಕಳಿಸೋದು ಯಾವುದು ಅಂತ ಯೋಚಿಸೋಕೂ ಪುರುಸೊತ್ತಿರಲ್ಲ. ಆಗ ನಮ್ಮಲ್ಲಿ ಹೆಚ್ಚಿನವರು ಮಾಡೋದು ಒಂದೇ ಕೆಲಸ. ಫೋನಲ್ಲಿ ‘ಪ್ಯಾಕರ್ಸ್ ಅಂಡ್ ಮೂವರ್ಸ್’ ಅಂತ ಹುಡುಕಿ, ನಾಲ್ಕು ನಂಬರಿಗೆ ಕರೆ ಮಾಡಿ, ಯಾರು ಕಡಿಮೆ ಹೇಳ್ತಾರೋ ಅವರಿಗೆ ಅಡ್ವಾನ್ಸ್ ಹಾಕಿಬಿಡೋದು.

ಈ ಪದ್ಧತಿ ಬಿಡಬೇಕು ಅನ್ನೋದು ನಮ್ಮ ವಾದ. ಕಡಿಮೆ ರೇಟು ಆಕಾಶದಿಂದ ಇಳಿದು ಬರಲ್ಲ. ಎಲ್ಲೋ ಒಂದು ಕಡೆ ಏನನ್ನೋ ಕಡಿತ ಮಾಡಿದಾಗಲೇ ಅದು ಹುಟ್ಟೋದು. ಏನನ್ನು ಕಡಿತ ಮಾಡಿದ್ದಾರೆ ಅಂತ ಕೇಳೋದು ಎಂಜಿನಿಯರಿಂಗ್ ಓದೋ ನಮಗೆ ಕಷ್ಟವಾಗಬಾರದು.

ಮೊದಲು ಕಡಿತ ಆಗೋದು ‘ನೋಡೋ’ ಕೆಲಸ. ಫೋನಲ್ಲಿ ಅರ್ಧ ನಿಮಿಷಕ್ಕೆ ರೇಟು ಹೇಳುವವರಲ್ಲಿ ಎಷ್ಟೋ ಜನರಿಗೆ ಸ್ವಂತ ಗಾಡಿಯೇ ಇರಲ್ಲ. ಆರ್ಡರ್ ಹಿಡಿದು, ಕಮಿಷನ್ ಇಟ್ಟುಕೊಂಡು, ಇನ್ಯಾರಿಗೋ ದಾಟಿಸ್ತಾರೆ. ಗಾಡಿ ಬಂದು ನಿಂತ ಮೇಲೆ ‘ಸಾಮಾನು ಜಾಸ್ತಿ ಇದೆ’ ಅನ್ನೋ ರಾಗ ಶುರುವಾಗುತ್ತೆ. ಅಷ್ಟೊತ್ತಿಗೆ ನಮ್ಮ ಅರ್ಧ ರೂಮು ಗಾಡಿಯಲ್ಲಿರುತ್ತೆ, ವಾದ ಮಾಡೋ ಶಕ್ತಿ ಅವರ ಕೈಯಲ್ಲಿರುತ್ತೆ.

ನಮ್ಮ ಕಾಲೇಜು ಊರುಗಳಲ್ಲಿ ಇನ್ನೊಂದು ಥರದವರೂ ಇದ್ದಾರೆ. ಒಂದೋ ಎರಡೋ ಗಾಡಿ ಇಟ್ಟುಕೊಂಡು ಮನೆಮಂದಿಯೇ ನಡೆಸೋ ಸಾಗಣೆ ವ್ಯಾಪಾರ. ಅಪ್ಪ ರೇಟು ಹೇಳ್ತಾರೆ, ಮಗ ಗಾಡಿ ಓಡಿಸ್ತಾನೆ, ಅಮ್ಮನೋ ಸೊಸೆಯೋ ಲೆಕ್ಕದ ಪುಸ್ತಕ ನೋಡ್ಕೋತಾರೆ. ಇಂಥವರಿಗೆ ಫೋನ್ ಮಾಡಿದ್ರೆ ರೇಟಿಗಿಂತ ಮುಂಚೆ ಪ್ರಶ್ನೆ ಬರುತ್ತೆ. ‘ಎಷ್ಟನೇ ಮಹಡಿ? ಲಿಫ್ಟ್ ಇದೆಯಾ? ಗಾಡಿ ಬಾಗಿಲ ತನಕ ಬರುತ್ತಾ? ಪುಸ್ತಕ ಎಷ್ಟು ಡಬ್ಬ?’ ಇದು ಕಿರಿಕಿರಿ ಅಲ್ಲ, ಇದೇ ಎಸ್ಟಿಮೇಶನ್. ಸಣ್ಣ ದೂರದ ಸಾಗಣೆಯಲ್ಲಿ ಖರ್ಚು ಕಿಲೋಮೀಟರಿಗಿಂತ ಹೆಚ್ಚಾಗಿ ಮೆಟ್ಟಿಲಲ್ಲಿ ಇರುತ್ತೆ, ಹತ್ತಿ ಇಳಿಯೋ ಕೈಗಳಲ್ಲಿ ಇರುತ್ತೆ.

‘ಮನೆತನದ ವ್ಯಾಪಾರ ಅಂದ್ರೆ ಸಣ್ಣದು, ಹಳೇ ಕಾಲದ್ದು’ ಅಂತ ಮೂಗು ಮುರಿಯೋರಿಗೆ ಒಂದು ಮಾತು. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರ ಅವರು ಒಂದೇ ಲಾರಿಯಿಂದ ಸಾಗಣೆ ಶುರು ಮಾಡಿದ್ರು. ಅವರ ಮನೆಯವರದ್ದು ಪುಸ್ತಕ, ಮುದ್ರಣದ ವ್ಯಾಪಾರ. ಹುಬ್ಬಳ್ಳಿಯಲ್ಲಿ ಬೆಳೆದ ಆ ವಿಆರ್‌ಎಲ್ 2015ರಲ್ಲಿ ಷೇರುಪೇಟೆಗೂ ಬಂತು. ಇವತ್ತಿಗೂ ಅಪ್ಪ, ಮಗ ಅದರ ಮುಂಚೂಣಿಯಲ್ಲಿದ್ದಾರೆ. 2022ರಲ್ಲಿ ಬಂದ ‘ವಿಜಯಾನಂದ’ ಸಿನಿಮಾ ನಮ್ಮಲ್ಲಿ ಕೆಲವರಾದ್ರೂ ನೋಡಿದ್ದೇವೆ. ದೊಡ್ಡವರಾದ ಕಥೆ ಹೇಳೋಕೆ ಇದನ್ನು ತಂದಿಲ್ಲ. ಸಾಗಣೆ ಅನ್ನೋ ಕಸುಬು ನಮ್ಮ ನಾಡಲ್ಲಿ ಬೆಳೆದದ್ದೇ ಮನೆತನದ ಹೆಸರನ್ನು ಪಣಕ್ಕಿಟ್ಟು ಅನ್ನೋದಕ್ಕೆ ತಂದಿದ್ದು.

ಹಾಗಂತ ಕುಟುಂಬ ಅನ್ನೋ ಪದ ಐಎಸ್‌ಐ ಮುದ್ರೆ ಅಲ್ಲ. ಒಳ್ಳೆಯವರೂ ಮರೀತಾರೆ, ಒಳ್ಳೆಯವರ ಗಾಡಿಯೂ ಮಳೆಗೆ ಸೋರುತ್ತೆ. ಇಲ್ಲಿ ಎರಡನೇ ಕಡಿತ ಬರುತ್ತೆ. ಅದು ಕಾಗದ. 1865ರ ಬ್ರಿಟಿಷ್ ಕಾಲದ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸರಕು ಸಾಗಣೆ ಕಾಯ್ದೆ 2011ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸಾಗಣೆ ಸಂಸ್ಥೆ ನೋಂದಣಿ ಮಾಡಿಸಿರಬೇಕು. ಏನು ಕಳಿಸ್ತಿದ್ದೀವಿ, ಅದರ ಬೆಲೆ ಎಷ್ಟು ಅಂತ ನಾವು ಬರೆದು ಕೊಡಬೇಕು. ಅವರು ರಸೀದಿ ಕೊಡಬೇಕು. ಲಾರಿಯವರ ಬಾಯಲ್ಲಿ ಅದೇ ಎಲ್‌ಆರ್, ಬಿಲ್ಟಿ.

ಇದರಲ್ಲಿ ನಮಗೆ ನೇರವಾಗಿ ತಟ್ಟೋ ಲೆಕ್ಕ ಇದೆ. ಬೇರೆ ಒಪ್ಪಂದ ಇಲ್ಲದಿದ್ರೆ ಸಾಮಾನು ಕಳೆದಾಗ, ಒಡೆದಾಗ ಸಂಸ್ಥೆಯ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಅದೂ ನಾವು ಬರೆದುಕೊಟ್ಟ ಬೆಲೆಯನ್ನು ಮೀರೋ ಹಾಗಿಲ್ಲ. ಬಾಡಿಗೆ 3,000 ರೂಪಾಯಿ ಅಂತಿಟ್ಟುಕೊಳ್ಳಿ. ಮಿತಿ 30,000. ಒಳಗಿದ್ದ ಬೈಕು, ಮಾನಿಟರ್ ಸೇರಿ 90,000 ಬಾಳಿದ್ರೂ ಅಷ್ಟೇ. ಹೆಚ್ಚಿನ ಹೊಣೆ ಬೇಕಾದ್ರೆ ಅದಕ್ಕೆ ಅವರು ನಿಗದಿ ಮಾಡಿದ ಹೆಚ್ಚಿನ ದರ ಕೊಡ್ತೀವಿ ಅಂತ ಮೊದಲೇ ಒಪ್ಪಿರಬೇಕು. ದಾವೆ ಹೂಡೋ ಪ್ರಸಂಗ ಬಂದ್ರೆ, ಬುಕಿಂಗ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ರಸೀದಿಯೇ ಇಲ್ಲದಿದ್ರೆ ಇದ್ಯಾವುದನ್ನು ಹಿಡಿದು ಕೇಳೋದು?

ರಜೆಯಲ್ಲಿ ಗೋದಾಮಿನಲ್ಲಿ ಇಟ್ಟು ಹೋಗೋ ಸಾಮಾನಿಗೂ ನಿಯಮ ಇದೆ. ಒಬ್ಬ ವಿವೇಕಿ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡ್ತಾನೋ ಅಷ್ಟೇ ಜೋಪಾನವಾಗಿ ಇಟ್ಟುಕೊಂಡವನು ನೋಡಿಕೊಳ್ಳಬೇಕು ಅನ್ನುತ್ತೆ 1872ರ ಕರಾರು ಕಾಯ್ದೆಯ 151ನೇ ಸೆಕ್ಷನ್. ಜೂನ್, ಜುಲೈ ಮಳೆಯಲ್ಲಿ ಹಾಸಿಗೆಯನ್ನು ಬರಿ ನೆಲದ ಮೇಲೆ ಇಡ್ತಾರಾ, ಹಲಗೆ ಮೇಲೆ ಇಡ್ತಾರಾ ಅಂತ ಹೋಗಿ ನೋಡೋಕೆ ಹತ್ತು ನಿಮಿಷ ಸಾಕು. ಗೋದಾಮು ತೋರಿಸೋಕೆ ಒಪ್ಪದವರ ಹತ್ತಿರ ಸಾಮಾನು ಇಡೋದು ಬೇಡ.

ಮೂರನೇ ಕಡಿತದ ಬಗ್ಗೆ ಯಾರೂ ಮಾತಾಡಲ್ಲ. ಅದು ಹಮಾಲರ ಸಂಖ್ಯೆ. ಮೂರು ಜನ ಬರಬೇಕಾದ ಕಡೆ ಒಬ್ಬರೇ ಬಂದ್ರೆ ರೇಟು ಇಳಿಯುತ್ತೆ. ಭಾರ ಮಾತ್ರ ಇಳಿಯಲ್ಲ. ಒಂದು ರೀಮ್ 80 ಜಿಎಸ್‌ಎಂ ಎ4 ಹಾಳೆ ಸುಮಾರು 2.5 ಕೆಜಿ, ಗಾತ್ರ ಸುಮಾರು 3 ಲೀಟರ್. ಅಂದ್ರೆ ಲೀಟರಿಗೆ 0.8 ಕೆಜಿ. 45 ಸೆಂ.ಮೀ. ಚೌಕದ ರಟ್ಟಿನ ಡಬ್ಬಕ್ಕೆ 91 ಲೀಟರ್ ಜಾಗ. ಅದರ ತುಂಬ ಪುಸ್ತಕ ತುರುಕಿದ್ರೆ, ಸಂದಿಗೊಂದಿ ಬಿಟ್ಟರೂ, 50 ಕೆಜಿ ದಾಟುತ್ತೆ. ಒಂದು ಸಿಮೆಂಟ್ ಚೀಲ!

ಭಾರ ಎತ್ತೋದಕ್ಕೆ ಅಮೆರಿಕದ ನಿಯೋಶ್ ಸಂಸ್ಥೆಯ ಸೂತ್ರ ಒಂದಿದೆ. ಎಲ್ಲ ಅನುಕೂಲವಾಗಿದ್ದಾಗಲೂ ಅದರ ಲೆಕ್ಕ ಶುರುವಾಗೋದೇ 23 ಕೆಜಿಯಿಂದ. ಕೈ ದೇಹದಿಂದ 50 ಸೆಂ.ಮೀ. ಮುಂದಕ್ಕೆ ಚಾಚಿದ್ರೆ ಅದು ಅರ್ಧಕ್ಕೆ, ಅಂದ್ರೆ 11.5ಕ್ಕೆ ಇಳಿಯುತ್ತೆ. ಇದು ನಿಂತಲ್ಲಿ ಎತ್ತಿ ಇಳಿಸೋ ಲೆಕ್ಕ. ಹೊತ್ತುಕೊಂಡು ಮೂರು ಮಹಡಿ ಇಳಿಯೋದು ಈ ಸೂತ್ರದೊಳಗೆ ಬರೋದೇ ಇಲ್ಲ. ನಾವು ‘ಅಣ್ಣಾ, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ’ ಅಂತ ಗೆದ್ದ 300 ರೂಪಾಯಿ ಯಾರ ಸೊಂಟದಿಂದ ಬಂತು ಅಂತ ಈಗ ಹೇಳಬೇಕಿಲ್ಲ.

‘ಮಾತು ಸರಿ, ದುಡ್ಡೆಲ್ಲಿದೆ?’ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಮನೆಯಿಂದ ಬರೋ ದುಡ್ಡು ಮೆಸ್ ಬಿಲ್ಲಿಗೇ ಸಾಲದ ಗೆಳೆಯರು ನಮ್ಮ ನಡುವೆ ಇದ್ದಾರೆ. ಆದ್ರೆ ಉಳಿತಾಯಕ್ಕೆ ಬೇರೆ ದಾರಿ ಇದೆ. ಒಂದೇ ಕಡೆಗೆ ಹೋಗೋ ನಾಲ್ಕೈದು ರೂಮಿನವರು ಸೇರಿ ಒಂದು ಗಾಡಿ ಮಾಡಿದ್ರೆ ಬಾಡಿಗೆ ಹಂಚಿಹೋಗುತ್ತೆ. ಈಗ ಅರ್ಧ ಖಾಲಿ ಗಾಡಿಗಳಿಗೆ ಒಬ್ಬೊಬ್ಬರೂ ಪೂರ್ತಿ ದುಡ್ಡು ಕೊಡ್ತಿದ್ದೀವಿ. ಪುಸ್ತಕಗಳನ್ನು 30 ಸೆಂ.ಮೀ. ಚೌಕದ ಡಬ್ಬದಲ್ಲಿ ಮುಕ್ಕಾಲು ತುಂಬಿಸಿ, ಮೇಲೆ ಬಟ್ಟೆ ಹಾಕಿದ್ರೆ ಹದಿನಾರು ಹದಿನೇಳು ಕೆಜಿಗೆ ನಿಲ್ಲುತ್ತೆ. ಇದಕ್ಕೆ ನಯಾಪೈಸೆ ಖರ್ಚಿಲ್ಲ.

ಹಾಗಾಗಿ ಹಾಸ್ಟೆಲ್ ಕಮಿಟಿಗಳಿಗೆ ನಮ್ಮದೊಂದು ಬೇಡಿಕೆ. ಪರೀಕ್ಷೆಗೆ ಹದಿನೈದು ದಿನ ಮುಂಚೆಯೇ ಬ್ಲಾಕ್‌ವಾರು ಪಟ್ಟಿ ಮಾಡಿ. ಯಾರ ಸಾಮಾನು ಯಾವ ಊರಿಗೆ, ಎಷ್ಟು ಡಬ್ಬ, ಯಾವ ಮಹಡಿ, ಎಲ್ಲ ಅದರಲ್ಲಿರಲಿ. ಊರಿನ ಎರಡು ಮೂರು ಸಾಗಣೆದಾರರನ್ನು ಕರೆಸಿ ಕಣ್ಣಾರೆ ತೋರಿಸಿ. ರೇಟು, ಹಮಾಲರ ಸಂಖ್ಯೆ, ಅವರ ಕೂಲಿ, ಗೋದಾಮಿನ ಬಾಡಿಗೆ ನಾಲ್ಕನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ನಾಲ್ಕು ಸಾಲಿನ ಆ ಕಾಗದವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ರೆ ಯಾರದು ನಿಜವಾಗಿ ಕಡಿಮೆ, ಯಾರದು ಕಡಿತ ಅಂತ ಎಲ್ಲರಿಗೂ ಕಾಣುತ್ತೆ. ಈ ಸೆಮಿಸ್ಟರಿಗೇ ಶುರು ಮಾಡಬಹುದು. ಪಟ್ಟಿ ಬರೆಯೋಕೆ ಕೈ ಬೇಕಾದ್ರೆ ಕನ್ನಡ ಸಂಘದವರು ನಾವಿದ್ದೀವಿ.