ಚಾಮರ ನಂಬಿಕೆಗೆ ಹೊರಗಿನ ಆಸರೆ ಬೇಕೇ?

ವಿಯೆಟ್ನಾಮಿನ ದಕ್ಷಿಣ ಕರಾವಳಿಯ ಫಾನ್ ರಾಂಗ್ ಊರಿನ ಹೆಸರು ಪಾಂಡುರಂಗ ಎಂಬುದರ ಸವೆದ ರೂಪ. ಚಾಮ್ ಜನರ ಚಂಪಾ ರಾಜ್ಯದ ಕೊನೆಯ ತುಂಡಾಗಿ ಉಳಿದಿದ್ದ ಪಾಂಡುರಂಗ ಸಂಸ್ಥಾನವನ್ನು 1832ರಲ್ಲಿ ವಿಯೆಟ್ನಾಮಿನ ಚಕ್ರವರ್ತಿ ಮಿನ್ ಮಾಂಗ್ ತನ್ನ ಆಡಳಿತಕ್ಕೆ ಸೇರಿಸಿಕೊಂಡ. ರಾಜ್ಯ ಹೋಯಿತು, ಗುಡ್ಡದ ಮೇಲಿನ ಇಟ್ಟಿಗೆಯ ಗುಡಿ ಪೊ ಕ್ಲೋಂಗ್ ಗರಾಯ್ ಉಳಿಯಿತು. ಚಾಮ್ ಪಂಚಾಂಗದ ಏಳನೆಯ ತಿಂಗಳು ಹುಟ್ಟಿದಾಗ ಅಲ್ಲಿ ಕಾತೇ ಹಬ್ಬ. ದೇವರ ಉಡುಪನ್ನು ಕಾಪಾಡಿಕೊಂಡು ಬಂದವರು ಬೆಟ್ಟದ ರಾಗ್ಲಾಯ್ ಜನ. ಹಬ್ಬಕ್ಕೆ ಅವರೇ ಅದನ್ನು ಹೊತ್ತು ತರುತ್ತಾರೆ. ಗುಡಿಯ ಪೂಜಾರಿಗಳು ಬಾಗಿಲು ತೆಗೆದು ಮುಖಲಿಂಗವನ್ನು ಮೀಯಿಸಿ ಬಟ್ಟೆ ಉಡಿಸುತ್ತಾರೆ. ಆಮೆಯ ಚಿಪ್ಪಿಗೆ ಎರಡು ತಂತಿ ಬಿಗಿದ ಕನ್ಯಿ ಎಂಬ ವಾದ್ಯವನ್ನು ಕಮಾನಿನಿಂದ ನುಡಿಸುತ್ತ ಕಾಧರ್ ಎಂಬ ಪೂಜಾರಿ ಹಾಡುತ್ತಾರೆ. ಭಾರತದಿಂದ ಹೋದವರ ಕಣ್ಣಿಗೆ ಅದು ಶಿವಲಿಂಗ. ಕೈಮುಗಿದು ನಿಂತ ಚಾಮರಿಗೆ ಅದು ನೀರಿಗೆ ಕಟ್ಟೆ ಕಟ್ಟಿಸಿ ಊರು ಸಲಹಿದ ತಮ್ಮ ಅರಸ.

ವಿಯೆಟ್ನಾಮಿನ ಈ ಭಾಗದ ಚಾಮರಲ್ಲಿ ಎರಡು ಪಂಗಡಗಳಿವೆ. ಅಹಿಯೆರ್ ಪಂಗಡದವರು ದನದ ಮಾಂಸ ತಿನ್ನುವುದಿಲ್ಲ, ಸತ್ತವರನ್ನು ಸುಡುತ್ತಾರೆ. ಹೊರಗಿನವರು ಇವರನ್ನು ಹಿಂದೂಗಳೆನ್ನುತ್ತಾರೆ. ಅವಲ್ ಅಥವಾ ಬಾನಿ ಪಂಗಡದವರು ಹಂದಿಮಾಂಸ ಮುಟ್ಟುವುದಿಲ್ಲ, ಹೂಳುತ್ತಾರೆ; ಇವರು ಮುಸ್ಲಿಮರೆಂದು ಲೆಕ್ಕಕ್ಕೆ ಬರುತ್ತಾರೆ. ವಿಚಿತ್ರವೆಂದರೆ ಅಹಿಯೆರ್, ಅವಲ್ ಎರಡೂ ಅರಬ್ಬಿ ಮೂಲದ ಮಾತುಗಳು: ಕೊನೆಯವರು, ಮೊದಲಿನವರು. ಈ ಎರಡು ಕವಲುಗಳನ್ನು ಅವುಗಳ ದೊಡ್ಡ ಮೂಲಧರ್ಮಗಳೊಂದಿಗೆ ಮತ್ತೆ ಬೆಸೆಯಬೇಕೇ, ಇದ್ದ ಹಾಗೆಯೇ ಬಿಡಬೇಕೇ ಎಂಬ ಪ್ರಶ್ನೆಗೆ ಪ್ರಾಮಾಣಿಕರಾದವರು ಬೇರೆ ಬೇರೆ ಉತ್ತರ ಕೊಡುತ್ತಾರೆ.

ಬೆಸೆಯಬೇಕೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2019ರ ಜನಗಣತಿಯ ಪ್ರಕಾರ ವಿಯೆಟ್ನಾಮಿನಲ್ಲಿರುವ ಚಾಮರು ಸುಮಾರು 1.79 ಲಕ್ಷ ಮಾತ್ರ. ಅವರ ಪೂಜಾವಿಧಿ ಅಖರ್ ಥ್ರಾಹ್ ಲಿಪಿಯ ಹಸ್ತಪ್ರತಿಗಳಲ್ಲಿದೆ. ಅದನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಓದುವವರಿಲ್ಲದ ಮನೆಯಲ್ಲಿ ಹಸ್ತಪ್ರತಿ ಇದ್ದರೆ ಕೇಡು ಎಂಬ ನಂಬಿಕೆಯಿಂದ ಅದನ್ನು ಹೊಳೆಗೆ ಬಿಟ್ಟ ಕುಟುಂಬಗಳೂ ಇವೆ. ಇಂಥ ಸ್ಥಿತಿಯಲ್ಲಿ ದೊಡ್ಡ ಸಮುದಾಯವೊಂದರ ನಂಟು ವಿದ್ಯೆ, ಹಣ, ಆತ್ಮವಿಶ್ವಾಸ ಮೂರನ್ನೂ ತರಬಲ್ಲದು. ಹೊರಗಿನ ನಂಟು ಚಂಪಾಕ್ಕೆ ಹೊಸದೇನೂ ಅಲ್ಲ. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಅರಸ ಭದ್ರವರ್ಮನು ಮೀ ಸನ್ ಕಣಿವೆಯಲ್ಲಿ ಭದ್ರೇಶ್ವರನೆಂಬ ಶಿವನನ್ನು ಪ್ರತಿಷ್ಠಾಪಿಸಿದ್ದ. ಅವನ ಶಾಸನಗಳು ಸಂಸ್ಕೃತದಲ್ಲಿವೆ. ಎಲ್ಲಕ್ಕಿಂತ ಗಟ್ಟಿಯಾದ ವಾದ ಬೇರೆಯೇ ಇದೆ. ಒಬ್ಬ ಬಾನಿ ಹುಡುಗನಿಗೆ ಕುರಾನನ್ನು ಅರಬ್ಬಿಯಲ್ಲೇ ಕಲಿಯುವ ಆಸೆಯಾದರೆ, ಅಹಿಯೆರ್ ಹುಡುಗಿಯೊಬ್ಬಳು ಶೈವಾಗಮ ತಿಳಿಯಬೇಕೆಂದರೆ, ಪರಂಪರೆ ಕೆಡುತ್ತದೆ ಎಂದು ತಡೆಯುವ ಹಕ್ಕು ಯಾರಿಗಿದೆ? ಅವರು ವಸ್ತುಸಂಗ್ರಹಾಲಯದ ಗೊಂಬೆಗಳಲ್ಲ.

ಇದಕ್ಕೆ ಎದುರು ನಿಂತವರು ತೋರಿಸುವುದು ಎರಡು ಪಂಗಡಗಳ ನಡುವಿನ ಹೆಣಿಗೆಯನ್ನು. ಅಹಿಯೆರ್ ಪುರೋಹಿತರಾದ ಪಾಸೆಹ್‌ಗಳು ಕೂದಲು ಬೆಳೆಸಿ ಜುಟ್ಟು ಕಟ್ಟುತ್ತಾರೆ. ಅವಲ್‌ಗಳ ಆಚಾರ್‌ಗಳು ತಲೆ ಬೋಳಿಸುತ್ತಾರೆ. ಒಬ್ಬರಿಲ್ಲದೆ ಇನ್ನೊಬ್ಬರಿಲ್ಲ, ಗಂಡು-ಹೆಣ್ಣಿನ ಹಾಗೆ, ಎಂಬುದು ಅವರ ತಿಳಿವಳಿಕೆ. ಓಂಕಾರದಿಂದ ಬಂದ ಹೋಂಕಾರ್ ಎಂಬ ಚಿಹ್ನೆಯಲ್ಲಿ ಸೂರ್ಯ, ಚಂದ್ರ ಕೂಡಿಯೇ ಇದ್ದಾರೆ. ರಾಮವಾನ್ ತಿಂಗಳಲ್ಲಿ ಆಚಾರ್‌ಗಳು ಮಸೀದಿಯೊಳಗೆ ಉಳಿದು ಇಡೀ ಸಮುದಾಯದ ಪರವಾಗಿ ಉಪವಾಸ ಮಾಡುತ್ತಾರೆ. ಪೊ ಔಲುವಾಹ್ ಎಂಬ ಹೆಸರಿನಲ್ಲಿ ಅಲ್ಲಾಹನಿಗೆ ಅಹಿಯೆರ್‌ಗಳ ದೇವಮಂಡಲದಲ್ಲೂ ಜಾಗವುಂಟು. ಒಂದು ಕಾಲದಲ್ಲಿ ಜಗಳವಾಡುತ್ತಿದ್ದ ಈ ಎರಡು ಮತಗಳನ್ನು ಹೊಂದಿಸಿದವನು ಹದಿನೇಳನೆಯ ಶತಮಾನದ ಅರಸ ಪೊ ರೊಮೆ ಎಂದು ಚಾಮರು ನೆನೆಯುತ್ತಾರೆ. ಕಾಶಿಯ ಅಳತೆಗೋಲಿನಿಂದಾಗಲಿ ಮೆಕ್ಕಾದ ಅಳತೆಗೋಲಿನಿಂದಾಗಲಿ ಅಳೆದರೆ ಇಬ್ಬರೂ ದಾರಿ ತಪ್ಪಿದವರಂತೆ ಕಾಣುತ್ತಾರೆ. ಆ ಅಳತೆಯನ್ನೇ ಒಪ್ಪಿಕೊಂಡರೆ ಒಬ್ಬರಿಗೊಬ್ಬರು ಹೊರಗಿನವರಾಗುತ್ತಾರೆ.

ಕಾಂಬೋಡಿಯದ ಮುಸ್ಲಿಂ ಚಾಮರ ಅನುಭವವನ್ನು ಎರಡೂ ಕಡೆಯವರು ಸಾಕ್ಷಿಗೆ ಕರೆಯುತ್ತಾರೆ. ಖ್ಮೇರ್ ರೂಜ್ ಆಡಳಿತ 1975ರಿಂದ 1979ರವರೆಗೆ ಅವರನ್ನು ಹುಡುಕಿ ಕೊಂದಿತು. ಅದು ನರಮೇಧವೆಂದು ವಿಶೇಷ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿತು. ಬದುಕುಳಿದವರಿಗೆ ಮುಂದೆ ಮಲೇಷ್ಯಾದಿಂದ, ಕೊಲ್ಲಿ ದೇಶಗಳಿಂದ ನೆರವು ಬಂದು ಮಸೀದಿಗಳು, ಶಾಲೆಗಳು ಎದ್ದವು. ಜತೆಗೆ ಹಳೆಯ ಆಚರಣೆಗಳು ಹಿಂದೆ ಸರಿದವು. ವಾರಕ್ಕೊಮ್ಮೆ ಶುಕ್ರವಾರ ಮಾತ್ರ ನಮಾಜು ಮಾಡುತ್ತ ಚಾಮ್ ಲಿಪಿಯನ್ನು ಉಳಿಸಿಕೊಂಡಿರುವ ಇಮಾಮ್ ಸಾನ್ ಪಂಥದವರು ಈಗ ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು. ಇದನ್ನು ನಷ್ಟವೆಂದು ದೂರದಲ್ಲಿ ಕುಳಿತು ಹೇಳುವುದು ನನಗೆ ಸುಲಭ. ಮನೆಮಂದಿಯನ್ನೆಲ್ಲ ಕಳೆದುಕೊಂಡವರಿಗೆ ಆ ಶಾಲೆ ಏನಾಗಿತ್ತು ಎಂಬುದನ್ನೂ ತಕ್ಕಡಿಯಲ್ಲಿ ಇಡಬೇಕು.

ಭಾರತದ ನೆರವು ಹೆಚ್ಚಾಗಿ ಇಟ್ಟಿಗೆ ಕಲ್ಲುಗಳಿಗೆ ಸಂಬಂಧಿಸಿದ್ದು. 1969ರಲ್ಲಿ ಅಮೆರಿಕದ ಬಾಂಬಿಗೆ ಮೀ ಸನ್‌ನ ಅತ್ಯುತ್ತಮ ಗುಡಿ ಕುಸಿಯಿತು. 2017ರಿಂದ ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆ ಅಲ್ಲಿ ಜೀರ್ಣೋದ್ಧಾರಕ್ಕೆ ಕೈಹಾಕಿತು. 2020ರಲ್ಲಿ ಒಂಬತ್ತನೆಯ ಶತಮಾನದ ಏಕಶಿಲಾ ಲಿಂಗವೊಂದು ಸಿಕ್ಕಿತು. ಅಂದು ನಮ್ಮಲ್ಲಾದ ಸಂತೋಷ ಸಹಜವಾದದ್ದು. ಆದರೆ ಆ ಸಂತೋಷದ ಹಿಂದೆ ಹಳೆಯ ನೆನಪೊಂದಿದೆ: ಇತಿಹಾಸಕಾರ ಆರ್. ಸಿ. ಮಜುಂದಾರ್ 1927ರಲ್ಲಿ ಚಂಪಾದ ಬಗ್ಗೆ ಬರೆದಾಗ ಅದನ್ನು ಪ್ರಾಚೀನ ಭಾರತೀಯ ವಸಾಹತು ಎಂದೇ ಕರೆದಿದ್ದರು. ಅದೇ ಮೀ ಸನ್ ಸೀಮೆಯ ಡೋಂಗ್ ಯೆನ್ ಚೌ ಎಂಬಲ್ಲಿ, ಭದ್ರವರ್ಮನ ಕಾಲದ ಆಸುಪಾಸಿನದೇ ಆದ ಶಾಸನವೊಂದು ಚಾಮ್ ಭಾಷೆಯಲ್ಲಿದೆ. ಅರಸನ ನಾಗವನ್ನು ಗೌರವಿಸಿರೆಂದು ಹೇಳುತ್ತದೆ. ಲಿಪಿ ಭಾರತದ್ದು, ನುಡಿ ಅವರದ್ದು. ಮೊದಲ ಹೆಜ್ಜೆಯಿಂದಲೇ ಅವರು ಪಡೆದದ್ದನ್ನು ತಮ್ಮದಾಗಿಸಿಕೊಂಡವರು.

ಎರಡೂ ಕಡೆ ತೂಗಿದ ಮೇಲೆ ನನ್ನ ಮನಸ್ಸು, ಸ್ವಲ್ಪ ಅಳುಕಿನಿಂದಲೇ, ಹೀಗೆ ವಾಲುತ್ತದೆ. ಇಟ್ಟಿಗೆಗೆ, ಲಿಪಿಗೆ, ಹಸ್ತಪ್ರತಿಗೆ ಹೊರಗಿನ ನೆರವು ಧಾರಾಳವಾಗಿ ಬರಲಿ. ಯಾವ ದೇವರಿಗೆ ಯಾವ ಹೆಸರು, ಯಾವ ವಿಧಿ ಎಂಬುದನ್ನು ಪಾಸೆಹ್‌ಗಳಿಗೂ ಆಚಾರ್‌ಗಳಿಗೂ ಬಿಡೋಣ. ಹೊರಗೆ ಹೋಗಿ ಕಲಿಯಬಯಸುವ ತರುಣರನ್ನು ಯಾರೂ ತಡೆಯದಿರಲಿ. ಬ್ರಿಟಿಷ್ ಲೈಬ್ರರಿಯ ಯೋಜನೆಯೊಂದರಲ್ಲಿ ಚಾಮ್ ಹಸ್ತಪ್ರತಿಗಳ ಚಿತ್ರ ತೆಗೆದಾಗ ಮೂಲಪ್ರತಿಗಳು ಮನೆಗಳಲ್ಲೇ ಉಳಿದವು, ಪ್ರತಿಬಿಂಬಗಳಷ್ಟೇ ಹೊರಗೆ ಹೋದವು. ಆ ಬಗೆಯ ನೆರವು ನನಗೆ ಒಪ್ಪಿಗೆಯಾಗುತ್ತದೆ. ಈ ದಾರಿಗೂ ಬೆಲೆಯಿದೆ: ಕಲಿಯುವವರೇ ಇಲ್ಲದೆ ಕೆಲವು ವಿಧಿಗಳು ನಮ್ಮ ಕಣ್ಣೆದುರೇ ನಿಂತುಹೋಗಬಹುದು, ಆಗಲೂ ನಾವು ಕೈಕಟ್ಟಿ ನಿಲ್ಲಬೇಕಾದೀತು. ಆದರೂ ಕಾತೇ ಹಬ್ಬಕ್ಕೆ ಬೆಟ್ಟ ಇಳಿದು ಬರುವ ರಾಗ್ಲಾಯ್ ಜನರನ್ನು ನೆನೆದಾಗ ನನಗೆ ಈ ಎಚ್ಚರವೇ ಸರಿಯೆನಿಸುತ್ತದೆ. ಅವರು ಅಹಿಯೆರ್‌ಗಳೂ ಅಲ್ಲ, ಅವಲ್‌ಗಳೂ ಅಲ್ಲ; ದೇವರ ಬಟ್ಟೆಯ ಗಂಟು ಮಾತ್ರ ಅವರ ಕೈಯಲ್ಲಿದೆ.