ಮನೆಯ ದೀಪಕ್ಕೆ ಯಜಮಾನರಾರು?

ಕೃಷ್ಣಮೂರ್ತಿಪುರದ ನಿವೃತ್ತ ಅಧಿಕಾರಿಗಳೊಬ್ಬರು ಈಚೆಗೆ ನಮ್ಮ ಕಚೇರಿಗೆ ದಯಮಾಡಿಸಿ ಒಂದು ವಿಚಿತ್ರವಾದ ದೂರನ್ನು ಹೇಳಿಕೊಂಡರು. ಬೀದಿಯನ್ನು ಅಗೆಯುವವರ ಹಾರೆಗೆ ಸಿಕ್ಕಿ ಅವರ ಮನೆಯ ಇಂಟರ್ನೆಟ್ ತಂತಿಯು ತುಂಡಾಯಿತಂತೆ. ವಿದ್ಯುಚ್ಛಕ್ತಿಯೇನೋ ಇದ್ದಿತು, ಬಲ್ಬು ಕೆಟ್ಟಿರಲಿಲ್ಲ. ಆದರೂ ಸಂಜೆಗೆ ತಾನಾಗಿ ಹತ್ತಿಕೊಳ್ಳಬೇಕಾಗಿದ್ದ ಜಗುಲಿಯ ದೀಪವು ಹತ್ತಲಿಲ್ಲ. ತಾರಸಿಯ ತೊಟ್ಟಿಗೆ ನೀರೇರಿಸುವ ಪಂಪು ಕದಲಲಿಲ್ಲ. ವಿಚಾರಿಸಲಾಗಿ, ಕೈಗೆಟುಕುವಂತಿದ್ದ ಆ ದೀಪಕ್ಕೆ ಸಲ್ಲಬೇಕಾದ ಅಪ್ಪಣೆಯು ಮೊದಲು ಸಾಗರದಾಚೆಯ ಕಂಪನಿಯೊಂದರ ಗಣಕಯಂತ್ರಕ್ಕೆ ಹೋಗಿ ಅಲ್ಲಿಂದ ಹಿಂದಿರುಗಬೇಕಾಗಿದ್ದಿತೆಂದು ತಿಳಿದುಬಂದಿತು. ಮನೆ ಇವರದು, ಬಿಲ್ಲು ತೆರುವವರು ಇವರು. ಆಜ್ಞೆ ಮಾತ್ರ ಪರರದು! ಇದಕ್ಕೆ ಸೌಕರ್ಯವೆಂದು ಹೆಸರಿಡಲು ನಮಗೆ ಮನಸ್ಸೊಪ್ಪದು.

ಮೈಸೂರು ಸೀಮೆಯವರು ಈ ವಿಷಯದಲ್ಲಿ ಅರಿಯದವರೆಂದು ಯಾರೂ ಹೇಳಲಾರರು. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ನಮ್ಮ ನಗರಕ್ಕೂ ವಿದ್ಯುದ್ದೀಪಗಳು ಬಂದವು. 1935ರಲ್ಲಿ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಇದೇ ಊರಿನ ತಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಸಾರಯಂತ್ರವನ್ನಿಟ್ಟು 'ಆಕಾಶವಾಣಿ'ಯನ್ನು ನಡೆಯಿಸಿದರು. ಯಂತ್ರದ ಬಿಡಿಭಾಗಗಳು ಎಲ್ಲಿಯವಾದರೂ ಆಗಿರಲಿ, ಏನು ನುಡಿಯಬೇಕು, ಎಂದು ನುಡಿಯಬೇಕು ಎಂಬುದನ್ನು ನಿಶ್ಚಯಿಸುತ್ತಿದ್ದವರು ಮನೆಯ ಯಜಮಾನರೇ. ಮನೆಯ ದೀಪ, ಫ್ಯಾನು, ಪಂಪುಗಳನ್ನು ತಾವೇ ಸ್ವಯಂಚಾಲಿತವಾಗಿ ಮಾಡಿಕೊಳ್ಳಲು ಹೊರಟಿರುವ ಇಂದಿನ ಉತ್ಸಾಹಿಗಳಿಗೆ ಇದಕ್ಕಿಂತ ಮೇಲಾದ ಮಾದರಿಯುಂಟೆ?

ಇಂತಹವರು ಮೊದಲು ಎರಡು ವಿಷಯಗಳನ್ನು ತೀರ್ಮಾನಿಸಿಕೊಳ್ಳಬೇಕು. ಅಪ್ಪಣೆ ಕೊಡುವ ನಿಯಂತ್ರಕ ಯಂತ್ರವಾವುದು? ಉಪಕರಣಗಳು ಪರಸ್ಪರ ಮಾತನಾಡಲು ಅನುಸರಿಸುವ ನಿಯಮ, ಅಂದರೆ ಪ್ರೊಟೊಕಾಲ್, ಯಾವುದು? ಜನರು ಸಾಮಾನ್ಯವಾಗಿ ಬೆಲೆಯನ್ನೂ ಅಂದವನ್ನೂ ನೋಡಿ ಉಪಕರಣವನ್ನು ಮೊದಲು ಕೊಂಡು, ಈ ಪ್ರಶ್ನೆಗಳನ್ನು ಅನಂತರ ಕೇಳುತ್ತಾರೆ. ಅದು ಎತ್ತನ್ನು ಕೊಂಡು ತಂದ ಮೇಲೆ ಹಲ್ಲನ್ನು ಎಣಿಸಿದಂತೆ.

ನಿಯಂತ್ರಕವು ಮನೆಯೊಳಗೇ ಇರತಕ್ಕದ್ದು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ರಿವಾಲ್ವ್ ಎಂಬ ನಿಯಂತ್ರಕವನ್ನು ಮುನ್ನೂರು ಡಾಲರು ತೆತ್ತು ಕೊಂಡಿದ್ದ ಅಮೆರಿಕದವರಿಗೆ 2016ರ ಮೇ ತಿಂಗಳಲ್ಲಿ ಏನಾಯಿತು? ಆ ಕಂಪನಿಯನ್ನು ಕೊಂಡಿದ್ದ ನೆಸ್ಟ್ ಸಂಸ್ಥೆಯು ಸೇವೆಯನ್ನು ನಿಲ್ಲಿಸಿದೊಡನೆ ಪೆಟ್ಟಿಗೆಯು ನಿರುಪಯುಕ್ತವಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಗಣಕಯಂತ್ರಗಳು ಮುನ್ಸೂಚನೆಯಿಲ್ಲದೆ ಮೌನವಾದವು. ಮನೆಯೊಳಗಿನ ನಿಯಂತ್ರಣವನ್ನು ಇಟ್ಟುಕೊಂಡಿದ್ದವರ ದೀಪಗಳು ಆಗಲೂ ಉರಿಯುತ್ತಿದ್ದವೆಂಬುದನ್ನು ವಾಚಕರು ಗಮನಿಸಬೇಕು. 2013ರಲ್ಲಿ ಆರಂಭವಾದ 'ಹೋಮ್ ಅಸಿಸ್ಟೆಂಟ್' ಎಂಬ ತಂತ್ರಾಂಶವು ಉಚಿತ, ಅದರ ಮೂಲವು ಎಲ್ಲರಿಗೂ ತೆರೆದದ್ದು. 2024ರಿಂದ ಲಾಭೋದ್ದೇಶವಿಲ್ಲದ ಪ್ರತಿಷ್ಠಾನವೊಂದರ ಸ್ವಾಧೀನದಲ್ಲಿದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಯಂತ್ರದಲ್ಲಾಗಲಿ, ಮೂಲೆಗೆ ಬಿದ್ದಿರುವ ಹಳೆಯ ಕಂಪ್ಯೂಟರಿನಲ್ಲಾಗಲಿ ಅದನ್ನು ನಡೆಯಿಸಬಹುದು. ಕರೆಂಟು ಹೋಗಿಬರುವ ನಮ್ಮ ಊರುಗಳಲ್ಲಿ ಮೆಮೊರಿ ಕಾರ್ಡು ಬೇಗ ಕೆಡುವುದರಿಂದ ಎಸ್‌ಎಸ್‌ಡಿಯನ್ನು ಹಾಕಿ, ಯಂತ್ರಕ್ಕೂ ಇಂಟರ್ನೆಟ್ ಪೆಟ್ಟಿಗೆಗೂ ಯುಪಿಎಸ್ ಆಸರೆ ಕೊಡುವುದು ಲೇಸು.

ಇನ್ನು ಪ್ರೊಟೊಕಾಲಿನ ಮಾತು. ವೈ-ಫೈ ಎಲ್ಲರ ಮನೆಯಲ್ಲಿಯೂ ಇದೆ, ಬೇರೆ ಪೆಟ್ಟಿಗೆ ಬೇಡ; ಆದರೆ ಬ್ಯಾಟರಿಯ ಉಪಕರಣಗಳಿಗೆ ಅದು ಹೊಟ್ಟೆಬಾಕ, ಮತ್ತು ಅಂಗಡಿಯ ಅಗ್ಗದ ವೈ-ಫೈ ಸ್ವಿಚ್ಚುಗಳಲ್ಲಿ ಅನೇಕವು ಕಂಪನಿಯ ಗಣಕಯಂತ್ರವನ್ನೇ ನಂಬಿರತಕ್ಕವು. ಜಿಗ್‌ಬೀ ಎಂಬುದು ಮಿತಾಹಾರಿ. ಮನೆಯ ವಿದ್ಯುತ್ತಿನಿಂದಲೇ ನಡೆಯುವ ಒಂದೊಂದು ಜಿಗ್‌ಬೀ ಉಪಕರಣವೂ ಪಕ್ಕದ್ದರ ಮಾತನ್ನು ಸಾಮಾನ್ಯವಾಗಿ ಮುಂದಕ್ಕೆ ದಾಟಿಸುವುದರಿಂದ, ಕೃಷ್ಣಮೂರ್ತಿಪುರದ ಹಳೆಯ ಮನೆಗಳ ದಪ್ಪ ಗೋಡೆಗಳಿಗೆ ಅದು ತಕ್ಕುದು. ವೈ-ಫೈಯೂ ಇದೂ ಒಂದೇ 2.4 ಗಿಗಾಹರ್ಟ್ಸ್ ತರಂಗಗಳಲ್ಲಿ ನಡೆಯುವುದರಿಂದ ಇವೆರಡರ ಚಾನಲುಗಳನ್ನು ದೂರದೂರ ಇಡಬೇಕು. ಝಡ್-ವೇವ್ ಕೂಡ ಒಳ್ಳೆಯದೇ. ಆದರೆ ಭಾರತದಲ್ಲಿ ಅದಕ್ಕೆ ಸಲ್ಲುವುದು 865.2 ಮೆಗಾಹರ್ಟ್ಸ್. ಅಮೆರಿಕದಿಂದ ರಜಕ್ಕೆ ಬರುವ ಮಗ ಅಳಿಯಂದಿರು ಪ್ರೀತಿಯಿಂದ ತರುವ ಉಪಕರಣವು 908 ಮೆಗಾಹರ್ಟ್ಸ್‌ನದು. ಅದು ನಮ್ಮಲ್ಲಿ ಮೊಬೈಲ್ ದೂರವಾಣಿಗೆ ಸೇರಿದ ವಿಭಾಗ. ಸಾಲದುದಕ್ಕೆ, 120 ವೋಲ್ಟಿಗೆಂದು ಮಾಡಿದ ಪ್ಲಗ್ಗನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಸುಟ್ಟೇ ಹೋದೀತು. 2022ರಲ್ಲಿ ಹೊರಬಂದ ಮ್ಯಾಟರ್ ಎಂಬ ನಿಯಮವು ಬೇರೆಬೇರೆ ಕಂಪನಿಗಳ ಉಪಕರಣಗಳು ಮನೆಯೊಳಗೇ ಮಾತನಾಡಿಕೊಳ್ಳಬೇಕೆಂದು ವಿಧಿಸಿರುವುದು ಶುಭಸೂಚನೆ. ಹೊಸದಾಗಿ ಕೊಳ್ಳುವವರು ಇದನ್ನೂ ವಿಚಾರಿಸಲಿ. ಇಂದೇ ಆರಂಭಿಸುವವರಿಗೆ ಮಾತ್ರ ಜಿಗ್‌ಬೀಯೇ ಸುಲಭವೆಂದು ನಮ್ಮ ಸಲಹೆ.

"ಇವೆಲ್ಲ ಪರದೇಶದ ಸರಕಲ್ಲವೆ? ನೀವು ಸ್ವದೇಶಿಯವರಲ್ಲವೆ?" ಎಂದು ಕೆಲವರು ನಮ್ಮನ್ನು ಆಕ್ಷೇಪಿಸಬಹುದು. ಆಕ್ಷೇಪಣೆಯು ಯುಕ್ತವೇ. ಸ್ವಂತವಾಗಿ ಸ್ವಿಚ್ಚು ಮಾಡಿಕೊಳ್ಳುವವರು ಮೆಚ್ಚುವ ಇಎಸ್‌ಪಿ32 ಚಿಪ್ಪು ಷಾಂಘೈ ನಗರದ ಕಂಪನಿಯದು. ಮದರಾಸಿನ ಐಐಟಿಯವರು 'ಶಕ್ತಿ'ಯನ್ನೂ ಸಿ-ಡ್ಯಾಕ್ ಸಂಸ್ಥೆಯವರು 'ವೇಗ'ವನ್ನೂ ರೂಪಿಸಿರುವುದು ನಮಗೆ ಹೆಮ್ಮೆಯ ವಿಷಯ. ಅವು ಮನೆಮನೆಯ ಸ್ವಿಚ್ಚಿನೊಳಗೆ ಬರುವ ದಿನವನ್ನು ನಾವು ಹಾರೈಸುತ್ತೇವೆ. ಆದರೆ ಪರದೇಶದ ಚಿಪ್ಪಿನೊಳಗೆ ನಾವೇ ಓದಿ ತಿದ್ದಬಹುದಾದ ತಂತ್ರಾಂಶವನ್ನು ತುಂಬಿದರೆ ಅದು ನಮ್ಮ ಆಳು. ಸ್ವದೇಶದ ಮುದ್ರೆಯೊತ್ತಿದ ಪೆಟ್ಟಿಗೆಯೇ ಆದರೂ ಅಪ್ಪಣೆಯು ಹೊರಗಿನಿಂದ ಬರುವುದಾದರೆ ನಾವು ಅದರ ಆಳು. ಸರಕಿನ ಪರಾವಲಂಬನೆಯನ್ನು ಕಾಲಕ್ರಮದಲ್ಲಿ ನೀಗಬಹುದು. ಆಜ್ಞೆಯ ಪರಾವಲಂಬನೆಯನ್ನು ಇಂದೇ ನೀಗತಕ್ಕದ್ದು.

ಉತ್ಸಾಹಿಗಳಿಗೆ ಎರಡು ಎಚ್ಚರಿಕೆಯ ಮಾತುಗಳು. ಪಂಪಿನ ಮೋಟರು ಹೊರಡುವಾಗ ಎಳೆಯುವ ಕರೆಂಟು ಸಾಮಾನ್ಯ ಕರೆಂಟಿನ ಹಲವು ಪಟ್ಟು. ಸಣ್ಣ ರಿಲೇ ಅಂಟಿಕೊಂಡು ಪಂಪು ನಿಲ್ಲದೆ ಓಡೀತು. ಆದುದರಿಂದ ನಡುವೆ ಕಂಟಾಕ್ಟರನ್ನು ಹಾಕಿಸಬೇಕು, ತಂತಿಯ ಕೆಲಸವನ್ನು ಪರವಾನಗಿಯುಳ್ಳ ವೈರ್‌ಮನ್‌ಗಳಿಂದಲೇ ಮಾಡಿಸಬೇಕು. ಎರಡನೆಯದಾಗಿ, ಗೋಡೆಯ ಸ್ವಿಚ್ಚನ್ನು ಕಿತ್ತುಹಾಕಕೂಡದು. ಮನೆಯಲ್ಲಿರುವ ವೃದ್ಧ ತಾಯಿಯು ನಡುರಾತ್ರಿ ಎದ್ದಾಗ ದೀಪವು ಅವರ ಬೆರಳಿಗೆ ವಿಧೇಯವಾಗಿರಬೇಕಲ್ಲದೆ ಮಗನ ಮೊಬೈಲಿಗಲ್ಲ.

ಸರ್ಕಾರದವರಲ್ಲಿಯೂ ನಮ್ಮ ಬಿನ್ನಹವೊಂದುಂಟು. ಔಷಧದ ಪೆಟ್ಟಿಗೆಯ ಮೇಲೆ ಕೊನೆಯ ದಿನಾಂಕವನ್ನು ಅಚ್ಚುಮಾಡಬೇಕೆಂಬ ನಿಯಮವಿದೆ. ಇಂಟರ್ನೆಟ್ ಇಲ್ಲದೆ ಈ ಉಪಕರಣವು ಕೆಲಸಮಾಡುವುದೆ, ಕಂಪನಿಯು ಎಷ್ಟು ವರ್ಷ ಇದನ್ನು ನೋಡಿಕೊಳ್ಳುವುದು ಎಂಬೆರಡು ಸಾಲುಗಳನ್ನು ಪೆಟ್ಟಿಗೆಯ ಮೇಲೆ ಅಚ್ಚುಮಾಡುವಂತೆ ಭಾರತೀಯ ಮಾನಕ ಬ್ಯೂರೋ ಏಕೆ ವಿಧಿಸಬಾರದು? ಇದಕ್ಕೆ ಬೊಕ್ಕಸದ ಹಣವೇನೂ ಬೇಕಾಗಿಲ್ಲ, ಮನಸ್ಸೊಂದಿದ್ದರೆ ಸಾಕು.

ಅಲ್ಲಿಯವರೆಗೆ ಆ ಎರಡು ಪ್ರಶ್ನೆಗಳನ್ನು ವಾಚಕರೇ ಅಂಗಡಿಯಲ್ಲಿ ಕೇಳಲಿ. ಉತ್ತರ ದೊರೆಯದಿದ್ದರೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಮನೆಗೆ ಹಿಂದಿರುಗಲಿ.